ಹೋಗದೆ ನಿಂತ ಮೆಸೇಜು

ಚಿಕ್ಕಿಗೆ ಕೋಪ ಬರುವುದು ವರ್ಷಕ್ಕೆ ಎರಡೋ ಮೂರೋ ಸಲ. ಆದರೆ ಬಂತೆಂದರೆ ಬಾಯಿಗೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಆ ಮಂಗಳವಾರ ಬಂದ ಕೋಪವಂತೂ ಅವಳನ್ನು ಒಂದು ಇಡೀ ಮಧ್ಯಾಹ್ನ ತುದಿಗಾಲಲ್ಲಿ ನಿಲ್ಲಿಸಿಬಿಟ್ಟಿತು.

ಅವಳು ಕೆಲಸ ಮಾಡುತ್ತಿದ್ದದ್ದು ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ. ನಾಲ್ಕು ಮಹಡಿ ಕಟ್ಟಡದ ನೆಲಮಾಳಿಗೆ ಅದು. ಮೇಲಿನ ಮಹಡಿಗಳಲ್ಲಿ ಹಲ್ಲಿನ ಡಾಕ್ಟರುಗಳು, ಕೆಳಗೆ ಇವರು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಗಾರೆ ಹೊಯ್ದು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸಬೇಕು. ಹದಿನೇಳು ವರ್ಷದಿಂದ ಅದೇ ಕೆಲಸ. ಅವಳ ಕೈಯಿಂದ ಹೋದ ಸೆಟ್ಟು ಹಾಕಿಕೊಂಡವರ ಮುಖ ನೋಡಿ, ಇದು ಕಟ್ಟಿಸಿದ ಹಲ್ಲು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಕ್ಕನ ಮಗಳು ತೊದಲು ಮಾತಿನಲ್ಲಿ ಚಿಕ್ಕಮ್ಮನನ್ನು ‘ಚಿಕ್ಕಿ’ ಅಂದದ್ದೇ ತಡ, ಮನೆಯವರಿಗೆಲ್ಲ ಅವಳು ಚಿಕ್ಕಿಯಾದಳು. ಒಂದು ದಿನ ಅದು ಲ್ಯಾಬಿನವರ ಕಿವಿಗೂ ಬಿದ್ದು ಅಲ್ಲಿಯೂ ಚಿಕ್ಕಿಯೇ ಆದಳು. ನಲವತ್ತೆಂಟಾದ ಮೇಲೂ ಚಿಕ್ಕಿಯಾಗಿರುವುದರಲ್ಲಿ ಅವಳಿಗೆ ಬೇಸರವೇನೂ ಇರಲಿಲ್ಲ.

ಆವತ್ತು ಬೆಳಿಗ್ಗೆ ಲ್ಯಾಬಿನ ಮೆಟ್ಟಿಲು ಇಳಿಯುವ ಮೊದಲು ಅಭ್ಯಾಸದಂತೆ ಫೋನು ನೋಡಿದಳು. ಮನೆಮಂದಿಯ ಗ್ರೂಪಿನಲ್ಲಿ ಅಕ್ಕನ ಮೆಸೇಜು ಬಂದಿತ್ತು. ಅಕ್ಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಮೆಸೇಜು ಬರೆದರೂ ಅದು ಸುತ್ತೋಲೆಯ ಹಾಗೇ ಇರುತ್ತಿತ್ತು.

‘ಎಲ್ಲರ ಗಮನಕ್ಕೆ. ಮುಂದಿನ ಸೋಮವಾರ ಇವರ ಮಂಡಿ ಆಪರೇಷನ್. ಪರೀಕ್ಷೆ ಹತ್ತಿರ ಇರೋದರಿಂದ ನಾನು ಶಾಲೆ ಬಿಡೋ ಹಾಗಿಲ್ಲ. ಚಿಕ್ಕಿ ಎರಡು ವಾರ ನಮ್ಮನೇಲೇ ಇದ್ದು ನೋಡ್ಕೋತಾಳೆ. ಅವಳದೇನು, ಹಲ್ಲು ಅಂಟಿಸೋ ಕೆಲಸ, ಯಾವಾಗ ಬೇಕಾದ್ರೂ ರಜ ಸಿಗುತ್ತೆ.’

ಚಿಕ್ಕಿಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಸೋದರಮಾವ ‘ಒಳ್ಳೆಯ ಏರ್ಪಾಡು’ ಎಂದು ಬರೆದಿದ್ದ. ಸೋದರತ್ತೆ ಎರಡು ಹೂವು ಹಾಕಿದ್ದಳು.

ಭಾವನ ಮೇಲೆ ಅವಳಿಗೆ ಪ್ರೀತಿಯೇ. ಕೇಳಿದ್ದರೆ ಹೇಗಾದರೂ ಹೊಂದಿಸಿಕೊಳ್ಳುತ್ತಿದ್ದಳು. ಆದರೆ ‘ಹಲ್ಲು ಅಂಟಿಸೋ ಕೆಲಸ’ ಅನ್ನುವ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಕೆಳಗಿಳಿದು ಮೇಜಿಗೆ ಕೂತಳು. ಅವತ್ತು ಅವಳ ಕೈಯಲ್ಲಿದ್ದದ್ದು ಒಬ್ಬ ಮುದುಕಿಯ ಪೂರ್ತಿ ಸೆಟ್ಟು. ಆಕೆ ತನ್ನ ಹರೆಯದ ಫೋಟೊ ಕಳಿಸಿ, ಮುಂದಿನ ಒಂದು ಹಲ್ಲು ಸ್ವಲ್ಪ ಸೊಟ್ಟ ಇತ್ತು, ಹಾಗೇ ಮಾಡಿ, ಇಲ್ಲದಿದ್ದರೆ ನಾನು ನಾನಾಗಿ ಕಾಣುವುದಿಲ್ಲ ಎಂದು ಚೀಟಿ ಬರೆದಿದ್ದಳು. ಚಿಕ್ಕಿ ಆ ಹಲ್ಲನ್ನು ಎರಡು ಕೂದಲೆಳೆಯಷ್ಟು ವಾಲಿಸಿದಳು, ಮತ್ತೆ ಅರ್ಧ ಎಳೆ ಹಿಂದಕ್ಕೆ ತಂದಳು. ‘ಅಂಟಿಸೋ ಕೆಲಸವಂತೆ!’ ಎಂದು ಮೇಣಕ್ಕೇ ಹೇಳಿದಳು.

ಊಟದ ಹೊತ್ತಿಗೆ ತಡೆಯಲಾಗಲಿಲ್ಲ. ಗಾರೆ ಕಲಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಗ್ರೂಪು ತೆರೆದು, ಮೈಕಿನ ಗುರುತು ಒತ್ತಿ ಹಿಡಿದು ಶುರುಮಾಡಿದಳು. ನಾಲ್ಕು ನಿಮಿಷ ಮಾತಾಡಿದಳು. ರಜೆಯ ವಿಷಯದಿಂದ ಹೊರಟು, ನಾನೇನು ನಿನ್ನ ಶಾಲೆಯ ಆಯಾನಾ ಎಂದು ಕೇಳಿ, ಹುಡುಗಿಯರಾಗಿದ್ದಾಗ ಸೈಕಲ್ಲು ಇಬ್ಬರಿಗೂ ಅಂತ ತಂದರೂ ಅಕ್ಕನೇ ತುಳಿದದ್ದರವರೆಗೆ ಬಂದಳು. ಉಸಿರು ತೆಗೆದುಕೊಳ್ಳಲು ನಿಂತವಳು ಅಲ್ಲಿಗೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮುಂದುವರಿಸಿದಳು.

“ಊರಿಗೆಲ್ಲ ಟೈಮ್‌ಟೇಬಲ್ ಹಾಕ್ತೀಯಲ್ಲ, ನಿನ್ನ ಮಗಳ ಟೈಮ್‌ಟೇಬಲ್ ಯಾವತ್ತಾದ್ರೂ ನೋಡಿದೀಯಾ? ಪಿಟೀಲು ಲಾ ಕಾಲೇಜು ಬಿಟ್ಟು ಮೂರು ತಿಂಗಳಾಯ್ತು. ಲಿಫ್ಟ್ ರಿಪೇರಿ ಕಲೀತಿದಾಳೆ. ಹೆತ್ತ ತಾಯಿಗೆ ಹೇಳೋಕೆ ಹೆದರಿ ನನಗೆ ಹೇಳಿದಾಳೆ, ತಿಳ್ಕೋ!”

ಬೆರಳು ತೆಗೆದಳು. ಮೆಸೇಜು ಹೊರಟಿತು. ಎದೆ ಹಗುರವಾಯಿತು ಅಂದುಕೊಂಡು ಡಬ್ಬಿ ತೆರೆದು ಎರಡು ತುತ್ತು ತಿಂದಳು. ಮೂರನೆಯ ತುತ್ತು ಬಾಯಿಗೆ ಹೋಗಲಿಲ್ಲ. ತಾನು ಏನು ಹೇಳಿದೆ ಅನ್ನುವುದು ಆಗ ಅವಳ ಕಿವಿಗೆ ಬಿತ್ತು.

ಪಿಟೀಲು ಅಂದರೆ ಅಕ್ಕನ ಒಬ್ಬಳೇ ಮಗಳು. ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದುದಕ್ಕೆ ಭಾವನೇ ಇಟ್ಟ ಹೆಸರು. ಈಗ ಹತ್ತೊಂಬತ್ತು. ಮಗಳು ವಕೀಲೆಯಾಗುತ್ತಾಳೆ ಎಂದು ಅಕ್ಕ ಸಾರದ ಮನೆಯಿರಲಿಲ್ಲ. ಆ ಹುಡುಗಿಗೋ ಪುಸ್ತಕ ತೆರೆದರೆ ತಲೆ ಗಿರ್ರ್ ಅನ್ನುತ್ತಿತ್ತು, ಯಂತ್ರ ತೆರೆದರೆ ಕಣ್ಣು ಅರಳುತ್ತಿತ್ತು. ಮೂರು ತಿಂಗಳ ಹಿಂದೆ ಚಿಕ್ಕಿಯ ಅಡುಗೆಮನೆಯ ಕಟ್ಟೆಯ ಮೇಲೆ ಕೂತು, “ಲಿಫ್ಟಿನ ಮೊದಲನೇ ಪರೀಕ್ಷೆ ಪಾಸಾಗಿಬಿಡ್ಲಿ ಚಿಕ್ಕಿ, ಆಮೇಲೆ ಅಮ್ಮನಿಗೆ ನಾನೇ ಹೇಳ್ತೀನಿ. ಅಲ್ಲಿತನಕ ನಿನ್ನ ಬಾಯಿಂದ ಹೊರಗೆ ಹೋಗಬಾರದು” ಅಂದಿದ್ದಳು. “ನನ್ನ ಬಾಯಿಂದ ಹೋದ್ರೆ ಕೇಳು” ಅಂದಿದ್ದಳು ಚಿಕ್ಕಿ.

ಈಗ ಹೋಗಿತ್ತು. ಅದೂ ಇಪ್ಪತ್ತಮೂರು ಜನರ ಗ್ರೂಪಿಗೆ.

ಗಾರೆ ಮೆತ್ತಿದ ಮೇಜಿನ ಮೇಲಿಂದ ಫೋನು ಎಳೆದುಕೊಂಡಳು. ಮೆಸೇಜಿನ ಮೂಲೆಯಲ್ಲಿ ಸಣ್ಣ ಗಡಿಯಾರದ ಗುರುತು ಕಂಡಿತು. ಅದು ಇನ್ನೂ ಹೋಗಿಲ್ಲ! ನೆಲಮಾಳಿಗೆಯ ಗಾರೆ ಕೋಣೆಯಲ್ಲಿ ನೆಟ್‌ವರ್ಕು ಸತ್ತರೂ ಬರುತ್ತಿರಲಿಲ್ಲ. ಹದಿನೇಳು ವರ್ಷ ಅದಕ್ಕೆ ಶಾಪ ಹಾಕಿದ್ದಳು. ಆವತ್ತು ಆ ಗೋಡೆಗೆ ಮುತ್ತಿಡುವಷ್ಟು ಪ್ರೀತಿ ಬಂತು. ಅಳಿಸೋಣ ಎಂದು ಮೆಸೇಜಿನ ಮೇಲೆ ಬೆರಳಿಟ್ಟಳು. ಅಷ್ಟರಲ್ಲಿ ‘ಜಾಗ ತುಂಬಿದೆ’ ಎಂದು ಒಂದು ಚೌಕ ಬಂತು, ತೆರೆ ಒಮ್ಮೆ ಬಿಳಿಚಿಕೊಂಡು ಆ್ಯಪು ಮುಚ್ಚಿಹೋಯಿತು. ಮತ್ತೆ ತೆರೆದಳು, ಮುಚ್ಚಿತು. ಹತ್ತು ಸಲ ತೆರೆದಳು, ಹತ್ತು ಸಲವೂ ಮುಚ್ಚಿತು.

ಬಾಗಿಲು ತೆಗೆದು ಹೊರಗೆ ಕಾಲಿಡಲೂ ಭಯ. ಹೊರಗಿನ ಹಜಾರದಲ್ಲಿ ಒಮ್ಮೊಮ್ಮೆ ಒಂದು ಗೆರೆ ಸಿಗ್ನಲ್ ಸಿಗುತ್ತಿತ್ತು. ಒಂದು ಗೆರೆ ಸಾಕಲ್ಲ ಮನೆ ಮುರಿಯುವುದಕ್ಕೆ.

“ಮೇಷ್ಟ್ರೇ!” ಎಂದು ಬಾಗಿಲ ಸಂದಿಯಿಂದ ಕೂಗಿದಳು.

ಪಿಂಗಾಣಿ ಮೇಷ್ಟ್ರು ಲ್ಯಾಬಿನ ಹಿರಿಯರು. ಪಿಂಗಾಣಿ ಹಲ್ಲಿಗೆ ಬಣ್ಣ ಕೊಡುವುದು ಅವರ ಕೆಲಸ. ಎಲ್ಲರಿಗೂ ಅದನ್ನು ಕಲಿಸಿದವರಾದ್ದರಿಂದ ಮೇಷ್ಟ್ರು. ಕುಂಚ ಕೈಯಲ್ಲಿ ಹಿಡಿದೇ ಬಂದರು. ಚಿಕ್ಕಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು.

“ಅಳಬೇಡ. ಮೊದಲು ಏರೋಪ್ಲೇನ್ ಒತ್ತು.”

“ಏನು?”

“ಫೋನಲ್ಲಿ ಏರೋಪ್ಲೇನ್ ಚಿತ್ರ ಇರುತ್ತಲ್ಲ, ಅದನ್ನ ಒತ್ತಮ್ಮ. ಒತ್ತಿದ್ರೆ ನೀನು ಗುಡ್ಡ ಹತ್ತಿದ್ರೂ ನೆಟ್ ಹಿಡಿಯಲ್ಲ. ನನ್ನ ಹೆಂಡತಿ ಫೋನ್ ಮಾಡ್ತಾಳೆ ಅನ್ನಿಸಿದಾಗ ನಾನು ಮಾಡೋದು ಅದೇ.”

ಒತ್ತಿದಳು. ಮೇಷ್ಟ್ರು ಮತ್ತೊಮ್ಮೆ ನೋಡಿ ಖಾತ್ರಿ ಮಾಡಿಕೊಂಡು, “ಬಸ್ ಸ್ಟಾಪಿನ ಹಿಂದೆ ಫೋನ್ ರಿಪೇರಿಯವನಿದಾನೆ, ಹೋಗು. ನಿನ್ನ ಮುದುಕಿಯ ಹಲ್ಲು ನಾನು ಒದ್ದೆ ಬಟ್ಟೆಯಲ್ಲಿ ಸುತ್ತಿಡ್ತೀನಿ” ಅಂದರು. ಚಿಕ್ಕಿ ಏಪ್ರನ್ ಬಿಚ್ಚುವುದನ್ನೂ ಮರೆತು, ಒಲೆಯಿಂದ ಇಳಿಸಿದ ಪಾತ್ರೆಯಂತೆ ಎರಡೂ ಕೈಯಲ್ಲಿ ಫೋನು ಹಿಡಿದು ಮೆಟ್ಟಿಲು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ನಿಂತು ಏರೋಪ್ಲೇನ್ ಇದೆಯಾ ಎಂದು ನೋಡಿದಳು.

ರಿಪೇರಿಯವನು ಹಿಂದೆ ಕೈಗಡಿಯಾರ ರಿಪೇರಿ ಮಾಡುತ್ತಿದ್ದವನು. ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಅದೇ ಸ್ಟೂಲು, ಅದೇ ಭೂತಗನ್ನಡಿ ಇಟ್ಟುಕೊಂಡು ಫೋನಿಗೆ ತಿರುಗಿದ್ದ. ಅವಸರ ಅನ್ನುವುದು ಅವನ ಜಾತಕದಲ್ಲೇ ಇರಲಿಲ್ಲ. ಚಿಕ್ಕಿ ಹೇಳುವುದನ್ನೆಲ್ಲ ಕೇಳಿ, ಫೋನನ್ನು ಒರೆಸಿ, ಅದರ ಮೂಲೆಯಲ್ಲಿ ಮೆತ್ತಿದ್ದ ಗಾರೆಯನ್ನು ಉಗುರಿನಿಂದ ಕೆರೆದ.

“ಇದೇನು, ಸುಣ್ಣ ಹೊಡೀತಿದ್ರಾ?”

“ಹಲ್ಲು ಮಾಡ್ತೀನಿ. ಬೇಗ ನೋಡಿ ಸ್ವಾಮಿ, ಜೀವ ಬಾಯಿಗೆ ಬಂದಿದೆ.”

ಅವನು ಸೆಟ್ಟಿಂಗ್ಸಿಗೆ ಹೋಗಿ ಆ ಆ್ಯಪನ್ನು ಹುಡುಕಿದ. ಕೆಳಗೆ ಎರಡು ಗುಂಡಿ ಕಂಡವು.

“ನೋಡಿ, ಇದು ಕ್ಯಾಷ್ ತೆಗೆಯೋದು, ಇದು ಡೇಟಾ ತೆಗೆಯೋದು. ಕ್ಯಾಷ್ ಅಂದ್ರೆ ನೀವು ಕೆಲಸ ಮಾಡುವಾಗ ಮೇಜಿನ ಮೇಲೆ ಬೀಳುತ್ತಲ್ಲ ಪುಡಿ, ಅದು. ಗುಡಿಸಿದ್ರೆ ನಷ್ಟವಿಲ್ಲ, ಮತ್ತೆ ಬೀಳುತ್ತೆ. ಡೇಟಾ ಅಂದ್ರೆ ನೀವು ಮಾಡಿಟ್ಟ ಹಲ್ಲೇ. ಮೊದಲು ಪುಡಿ ಗುಡಿಸೋಣ. ಜಾಗ ಆದ್ರೆ ಆ್ಯಪ್ ತೆರೆಯಬಹುದು. ತೆರೆದ್ರೆ ಆ ಒಂದು ಮೆಸೇಜು ಅಳಿಸಿ ಮನೆಗೆ ಹೋಗಿ.”

ಒತ್ತಿದ. ಕ್ಯಾಷಿನ ಮುಂದಿದ್ದ ದೊಡ್ಡ ಅಂಕಿ ಸೊನ್ನೆಯಾಯಿತು. ಚಿಕ್ಕಿಯ ಮುಖದಲ್ಲಿ ಬಣ್ಣ ಬಂತು. ಆ್ಯಪು ತೆರೆದ. ತೆರೆ ಬಿಳಿಚಿಕೊಂಡು ಮುಚ್ಚಿತು. ಫೋನು ಆರಿಸಿ ಹೊತ್ತಿಸಿ ಮತ್ತೆ ತೆರೆದ. ಮತ್ತೆ ಅದೇ ಕಥೆ. ಅವನು ಭೂತಗನ್ನಡಿಯನ್ನು ಹಣೆಗೇರಿಸಿ, ಕಾಯಿಲೆ ಹೇಳುವ ಡಾಕ್ಟರಂತೆ ಅವಳ ಕಡೆ ನೋಡಿದ.

“ಜಾಗ ಸಾಲದಾಗ ಒಳಗೇ ಏನೋ ಕೆಟ್ಟಿದೆ. ಡೇಟಾನೇ ತೆಗೀಬೇಕು. ಬೇರೆ ಕಡೆ ನಕಲು ಇಟ್ಟಿದೀರಾ?”

ನಕಲು ಇಡಲೇ ಎಂದು ಆ ಆ್ಯಪು ತಿಂಗಳಿಗೊಮ್ಮೆ ಕೇಳುತ್ತಿತ್ತು. ತಿಂಗಳಿಗೊಮ್ಮೆ ಚಿಕ್ಕಿ ‘ಆಮೇಲೆ’ ಒತ್ತುತ್ತಿದ್ದಳು.

“ಏನೇನು ಹೋಗುತ್ತೆ?”

“ಫೋಟೊ ಬೇರೆ ಕಡೆ ಇದಾವೆ, ಉಳಿಯುತ್ತವೆ. ಆ್ಯಪಿನ ಒಳಗಿನ ಮಾತುಕತೆ, ಧ್ವನಿ, ಎಲ್ಲ ಹೋಗುತ್ತೆ.”

ಧ್ವನಿ ಅಂದಕೂಡಲೆ ಅವಳು ಫೋನಿನ ಮೇಲೆ ಅಂಗೈ ಮುಚ್ಚಿದಳು. ಚಿಕ್ಕಿಗೆ ಮಕ್ಕಳಿರಲಿಲ್ಲ. ಅವಳಿಗೂ ಅವಳ ಗಂಡನಿಗೂ ಆ ದುಃಖ ಎಂದೋ ಹಳೆಯದಾಗಿತ್ತು, ಪಿಟೀಲು ಇದ್ದಳಲ್ಲ. ಆ ಹುಡುಗಿ ಏಳು ವರ್ಷದವಳಿದ್ದಾಗ ಅಮ್ಮನ ಫೋನು ಕದ್ದು ಧ್ವನಿ ಕಳಿಸಲು ಕಲಿತಿದ್ದಳು. ‘ಚಿಕ್ಕಿ, ನನ್ನ ಹಲ್ಲು ಬಿತ್ತು. ನೀನು ಇನ್ನೊಂದು ಮಾಡಿಕೊಡ್ತೀಯಾ? ನೀಲಿ ಬಣ್ಣದ್ದು ಬೇಕು.’ ಮುಂದಿನ ಹಲ್ಲಿಲ್ಲದ ಬಾಯಿಂದ ಗಾಳಿ ಸೋರುವ ಆ ದನಿ. ಆಮೇಲೆ ಲೆಕ್ಕ ಬಾರದೆ ಅತ್ತದ್ದು, ಬೆಕ್ಕು ಮರಿ ಹಾಕಿದ್ದು, ಶೀತ ಹಿಡಿದು ಗೊಗ್ಗರು ಗಂಟಲಲ್ಲಿ ಹಾಡಿದ್ದು. ಹನ್ನೆರಡು ವರ್ಷದ್ದು. ಮೂರು ಸಲ ಫೋನು ಬದಲಾದಾಗಲೂ ಭಾವನೇ ಕೂತು ಅವನ್ನೆಲ್ಲ ಜೋಪಾನವಾಗಿ ಹೊಸದಕ್ಕೆ ಸಾಗಿಸಿ ಕೊಟ್ಟಿದ್ದ. ಬಸ್ಸಿನಲ್ಲಿ ಕಿವಿಗೆ ಫೋನಿಟ್ಟು ಅವನ್ನು ಕೇಳುತ್ತ ಚಿಕ್ಕಿ ಎಷ್ಟೋ ಸಲ ಇಳಿಯುವ ಸ್ಟಾಪು ದಾಟಿಹೋಗಿದ್ದಳು.

“ಇನ್ನೊಂದು ದಾರಿ ಇದೆ,” ಅಂದ ರಿಪೇರಿಯವನು, ಅವಳ ಮುಖ ನೋಡಿ ಮರುಗಿ. “ಇದನ್ನ ಹೀಗೇ ಆರಿಸಿ ಬೀರುವಿನಲ್ಲಿಡಿ. ಬೇರೆ ಫೋನ್ ಬಳಸಿ. ಮುಂದೆ ಯಾವತ್ತಾದ್ರೂ ಒಳಗಿಂದ ತೆಗೆಯೋರು ಸಿಗಬಹುದು. ಆದ್ರೆ ಯಾರಾದ್ರೂ ಕೈಜಾರಿ ನೆಟ್ ಹಾಕಿದ್ರೆ ಆ ಮೆಸೇಜು ಹೋದ್ರೂ ಹೋಗಬಹುದು. ಅದಕ್ಕೆ ನಾನು ಗ್ಯಾರಂಟಿ ಕೊಡಲ್ಲ.”

ಚಿಕ್ಕಿ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಎದುರಿಗೆ ಬಸ್ಸುಗಳು ಬಂದವು, ಹೋದವು. ಬೀರುವಿನಲ್ಲಿಡುವುದು ಒಳ್ಳೆಯದೇ ಅನ್ನಿಸಿತು ಒಂದು ಗಳಿಗೆ. ಮರುಗಳಿಗೆ, ತನ್ನ ಬೀರುವಿನಲ್ಲಿ ಆ ಮಾತು ಉಸಿರು ಬಿಗಿಹಿಡಿದು ಕೂತಿರುವುದು ಕಣ್ಣಿಗೆ ಕಟ್ಟಿತು. ಇಂಥ ಮಾತನ್ನು ಮನೆಯೊಳಗಿಟ್ಟುಕೊಂಡು ಯಾರಿಗೆ ನಿದ್ದೆ ಬಂದೀತು? ಆ ಏಳು ವರ್ಷದ ಹುಡುಗಿ ಹೇಗೂ ಬೆಳೆದು ಹತ್ತೊಂಬತ್ತಾಗಿದ್ದಳು. ಈ ಹತ್ತೊಂಬತ್ತರ ಹುಡುಗಿ ಇಷ್ಟು ಜನರಲ್ಲಿ ನಂಬಿದ್ದು ತನ್ನೊಬ್ಬಳನ್ನು. ಯಾವಳನ್ನು ಉಳಿಸಿಕೊಳ್ಳಬೇಕು ಎಂದು ಕೇಳಿದರೆ ಹೆಚ್ಚು ಯೋಚಿಸುವುದೇನಿತ್ತು?

ಎದ್ದಳು. “ಕೊಡಿ ಇಲ್ಲಿ, ನಾನೇ ಒತ್ತುತ್ತೀನಿ.”

‘ಇದನ್ನು ಮತ್ತೆ ಪಡೆಯಲಾಗದು’ ಎಂದು ಫೋನು ಎಚ್ಚರಿಸಿತು. “ಗೊತ್ತಮ್ಮ, ಗೊತ್ತು” ಎಂದು ಒತ್ತಿದಳು. ಒಂದು ಸಣ್ಣ ಚಕ್ರ ತಿರುಗಿತು. ಆಮೇಲೆ ಸೊನ್ನೆ.

ಅಳು ಬರುತ್ತದೆ ಅಂದುಕೊಂಡಿದ್ದಳು. ಬಂದದ್ದು ಹಸಿವು. ಬೆಳಗ್ಗಿನಿಂದ ಬಿಗಿದಿದ್ದ ಹೊಟ್ಟೆ ಸಡಿಲಾಗಿ, ಗುರ್ ಎಂದು ರಿಪೇರಿಯವನಿಗೂ ಕೇಳುವಂತೆ ಸದ್ದು ಮಾಡಿತು. ಇಬ್ಬರೂ ನಕ್ಕುಬಿಟ್ಟರು. ಅವನು ಏರೋಪ್ಲೇನ್ ಆರಿಸಿ, ನಂಬರು ಹಾಕಿಸಿ ಆ್ಯಪನ್ನು ಹೊಸದಾಗಿ ತೆರೆದುಕೊಟ್ಟ. ಗ್ರೂಪಿನ ಹೆಸರು ಬಂತು. ಒಳಗೆ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ.

ಆದರೂ ಒಂದು ಅಳುಕು ಉಳಿದಿತ್ತು. ಎಲ್ಲೋ ಒಂದು ಗೆರೆ ನೆಟ್ ಸಿಕ್ಕಿ ಮೊದಲೇ ಹೋಗಿಬಿಟ್ಟಿದ್ದರೆ? ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ! ಚಿಕ್ಕಿ ಮತ್ತೆ ಮೆಟ್ಟಿಲ ಮೇಲೆ ಕೂತು ಎತ್ತಿಕೊಂಡಳು.

“ಎಲ್ಲಿ ಹೋಗಿದ್ದೆ ಮಾರಾಯ್ತಿ? ಬೆಳಿಗ್ಗೆಯಿಂದ ಫೋನ್ ಮಾಡ್ತಿದೀನಿ!” ಅಕ್ಕನ ದನಿ ಶಾಲೆಯ ಪ್ರಾರ್ಥನೆಯ ಸಾಲಿನ ಕೊನೆಯವರೆಗೂ ಕೇಳುವಂಥದ್ದು.

“ನಿನಗೆ... ನನ್ನ ಮೆಸೇಜೇನಾದ್ರೂ ಬಂತಾ ಅಕ್ಕ?”

“ಎಲ್ಲಿ ಬಂತು? ಅದಕ್ಕೇ ಕೇಳ್ತಿರೋದು! ಎಲ್ಲರೂ ಉತ್ತರ ಕೊಟ್ರು, ನೀನೊಬ್ಬಳೇ ಬಾಯಿಗೆ ಬೀಗ ಹಾಕ್ಕೊಂಡಿದೀಯ.”

ಚಿಕ್ಕಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಬಾಯಿಗೆ ಬೀಗ ಅನ್ನುವುದು ಅವಳಿಗೆ ಅವತ್ತು ಬೈಗುಳವಾಗಿ ಕೇಳಿಸಲಿಲ್ಲ. ಹೋಗದ ಮೆಸೇಜಿನಲ್ಲಿ ಹೇಳಬೇಕಾದದ್ದೂ ಸ್ವಲ್ಪ ಇತ್ತಲ್ಲ, ಅದನ್ನು ಈಗ ಮೆತ್ತಗೆ ತೆಗೆದಳು.

“ಅಕ್ಕ, ಎರಡು ವಾರ ಬರೋಕೆ ಆಗಲ್ಲ. ನನ್ನ ಮೇಜಿನ ಮೇಲೆ ಒಂಬತ್ತು ಜನರ ಹಲ್ಲಿದೆ. ಅವರು ಅಲ್ಲಿತನಕ ಗಂಜಿ ಕುಡಿದುಕೊಂಡು ಇರ್ಬೇಕು. ನನ್ನದು ಅಂಟಿಸೋ ಕೆಲಸ ಅಲ್ಲ. ಹಾಗನ್ನಬೇಡ, ನನಗೆ ಬೇಜಾರಾಯ್ತು.”

ಅಕ್ಕನಿಗೆ ಹಾಗನ್ನಬೇಡ ಎಂದವರು ಆ ಮನೆತನದಲ್ಲೇ ಯಾರೂ ಇರಲಿಲ್ಲ.

“ಹಾಗಂತ ಮೊದಲೇ ಹೇಳಬಾರದಾ?”

“ಕೇಳಿದ್ರೆ ತಾನೇ ಹೇಳೋದು.”

“ಸರಿ ಸರಿ,” ಅಂದಳು ಅಕ್ಕ, ದನಿ ಒಂದು ಮೆಟ್ಟಿಲು ಇಳಿಸಿ. “ತಪ್ಪಾಯ್ತು ಅನ್ಕೋ. ನನಗೂ ಭಯ ಕಣೆ. ಅವರಿಗೆ ಅರಿವಳಿಕೆ ಕೊಡ್ತಾರಂತೆ. ನೀನು ಜೊತೆಗಿದ್ರೆ ಧೈರ್ಯ ಅಂತ ಬರೆದುಬಿಟ್ಟೆ.”

ಆಪರೇಷನ್ನಿನ ದಿನ ಪೂರ್ತಿ, ಆಮೇಲೆ ಒಂದು ವಾರ ಸಂಜೆ ಹೊತ್ತು ಬರುತ್ತೇನೆ ಎಂದು ಚಿಕ್ಕಿ ಒಪ್ಪಿಕೊಂಡಳು. ಹಗಲಿಗೆ ಭಾವನ ತಮ್ಮ ಇದ್ದ. ಅಷ್ಟು ಸುಲಭವಾಗಿ ಮುಗಿಯಿತು.

ಭಾನುವಾರ ಪಿಟೀಲು ಮನೆಗೆ ಬಂದಾಗ ಚಿಕ್ಕಿ ಏನನ್ನೂ ಮುಚ್ಚಿಡಲಿಲ್ಲ. ಹೇಳಿದ್ದು, ನಿಂತದ್ದು, ಅಳಿಸಿದ್ದು, ಎಲ್ಲ ಹೇಳಿದಳು. ಹುಡುಗಿಯ ಮುಖ ಕೆಂಪಗಾಯಿತು. ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು.

“ಹೇಳಿಬಿಟ್ಟಿದ್ಯಲ್ಲ ಚಿಕ್ಕಿ.”

“ಹೇಳಿಬಿಟ್ಟಿದ್ದೆ.”

“ಹೋಗಿದ್ರೆ?”

“ಹೋಗಿದ್ರೆ ನಾನು ಯಾವ ಮುಖ ಇಟ್ಕೊಂಡು ನಿನ್ನ ಮುಂದೆ ನಿಲ್ತಿದ್ದೆ? ತಪ್ಪು ನನ್ನದೇ ಪಿಟೀಲು. ಬೇಕಾದ್ರೆ ಬೈ.”

ಹುಡುಗಿ ಕಿಟಕಿಯ ಚಿಲಕವನ್ನು ಎರಡು ಸಲ ಹಾಕಿ ತೆಗೆದಳು. ಆಮೇಲೆ ತಿರುಗಿ, “ಪರೀಕ್ಷೆ ಪಾಸಾಗಲಿ ಅಂತ ಕಾಯ್ತಾ ಕೂತ್ರೆ ಇನ್ಯಾರ ಬಾಯಿಂದ ಹೋಗುತ್ತೋ. ಇವತ್ತೇ ಹೇಳ್ತೀನಿ. ನೀನು ಬರಬೇಡ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಸಂಜೆಯವರೆಗೆ ಚಿಕ್ಕಿ ಒಂದೇ ಪಾತ್ರೆಯನ್ನು ಮೂರು ಸಲ ತೊಳೆದಳು. ಐದೂವರೆಗೆ ಪಿಟೀಲಿನ ಫೋನು ಬಂತು. ಅಮ್ಮ ಒಂದು ಗಂಟೆ ಕೂಗಾಡಿದಳಂತೆ. ಪುಸ್ತಕಗಳನ್ನೆಲ್ಲ ಮಂಚದ ಮೇಲೆ ಸುರಿದು ಇವನ್ನೇನು ಮಾಡಲಿ ಎಂದಳಂತೆ. ಅಪ್ಪ, ನನ್ನ ಮಂಡಿಗೆ ಇನ್ನು ಲಿಫ್ಟೇ ಗತಿ, ಮನೆಯಲ್ಲೊಬ್ಬಳು ರಿಪೇರಿಯವಳು ಇರಲಿ ಬಿಡು ಅಂದನಂತೆ. ಆಮೇಲೆ ಅಮ್ಮ ಅತ್ತು, ಮುಖ ತೊಳೆದು ಬಂದು, ಮೇಲಿಂದ ಬೀಳದ ಹಾಗೆ ಬೆಲ್ಟು ಕೊಡ್ತಾರಾ, ಅದು ಗಟ್ಟಿ ಇದೆಯಾ, ಲಿಫ್ಟ್ ಕಲಿಸೋ ಮೇಷ್ಟ್ರ ನಂಬರು ಕೊಡು ಎಂದು ಪೀಡಿಸುತ್ತಿದ್ದಾಳಂತೆ. ಹುಡುಗಿ ನಗುತ್ತ ಹೇಳುತ್ತಿದ್ದಳು. ಹಿಂದಿನಿಂದ ಅಕ್ಕನ ದನಿ, “ನಗಬೇಡ, ಮೊದಲು ನಂಬರು ಕೊಡು” ಅನ್ನುವುದು ಕೇಳಿಸಿತು.

ಸೋಮವಾರ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ತಂಗಿ ಇಬ್ಬರೇ ಕೂತಿದ್ದರು. ಒಳಗೆ ಭಾವನ ಮಂಡಿಯ ಕೆಲಸ ನಡೆದಿತ್ತು.

“ನಿನಗೆ ಮೊದಲೇ ಗೊತ್ತಿತ್ತಂತೆ,” ಅಂದಳು ಅಕ್ಕ.

“ಗೊತ್ತಿತ್ತು.”

“ಮೂರು ತಿಂಗಳು ಬಾಯಿ ಬಿಡಲಿಲ್ವಲ್ಲ ನೀನು.” ಅದು ದೂರೋ ಹೊಗಳಿಕೆಯೋ ಅಕ್ಕನಿಗೇ ತಿಳಿದಂತಿರಲಿಲ್ಲ.

“ಬಿಟ್ಟಿದ್ದೆ ಅಕ್ಕ. ಅದು ನಿನ್ನವರೆಗೆ ಬರಲಿಲ್ಲ, ಅಷ್ಟೆ” ಎಂದು ಚಿಕ್ಕಿ ಶುರುಮಾಡಿದಳು. ಮೊದಲು ಅಕ್ಕನ ಹುಬ್ಬು ಗಂಟಾಯಿತು. ಗಾರೆ ಕೋಣೆಯ ಹತ್ತಿರ ಬರುವಾಗ ಸಡಿಲಾಯಿತು. ರಿಪೇರಿಯವನ ಮುಂದೆ ಹೊಟ್ಟೆ ಗುರ್ ಅಂದದ್ದನ್ನು ಹೇಳುವ ಹೊತ್ತಿಗೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಮೈ ಕುಲುಕಿಸಿ ನಗುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ನರ್ಸು ನಿಂತು, “ಇದು ಆಸ್ಪತ್ರೆ” ಎಂದು ನೆನಪಿಸಿದಳು. ಜನ್ಮವಿಡೀ ಬೇರೆಯವರಿಗೆ ಸದ್ದು ಮಾಡಬೇಡಿ ಅಂದವಳು ಅಕ್ಕ. ಕೈಕಟ್ಟಿ ನೆಟ್ಟಗೆ ಕೂತಳು. ಚಿಕ್ಕಿ ಅವಳ ಕಡೆ ನೋಡುವ ಧೈರ್ಯ ಮಾಡಲಿಲ್ಲ, ನೋಡಿದ್ದರೆ ಇಬ್ಬರಿಗೂ ಮತ್ತೆ ತಡೆಯಲಾಗುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು. ಎಲ್ಲ ಸರಿಯಾಗಿದೆ ಅಂದರು. ರೋಗಿಗೆ ಎಚ್ಚರವಾಗಿದೆ, ಮೊದಲು ಕೇಳಿದ್ದೇ ಚಹಾ ಎಲ್ಲಿ ಅಂತ.

“ಈಗಲೇ ಕೊಡೋ ಹಾಗಿಲ್ಲ ಅಂತ ಹೇಳಿ,” ಎಂದು ಅಕ್ಕ ಎದ್ದಳು. ಆಮೇಲೆ, ಡಾಕ್ಟರನ್ನೂ ಕೇಳದೆ ತಾನೇ ತೀರ್ಮಾನ ಕೊಟ್ಟದ್ದು ಹೊಳೆದು, ತಂಗಿಯ ಕಡೆ ತಿರುಗಿ, “ಯಾವಾಗ ಕೊಡಬಹುದು ಅಂತ ನೀನೇ ಕೇಳು ಚಿಕ್ಕಿ” ಅಂದಳು.